ಅಮ್ಮನ ಸೀಸೆ, ಅಣ್ಣನ ವರದಿ

ಫೆಬ್ರವರಿ ೪

ಅಣ್ಣಾ,

ನಿನ್ನೆ ಸಂಜೆ ಟೀವಿಯಲ್ಲಿ ನಿನ್ನನ್ನು ನೋಡಿದೆ. ಹೊಸ ಕನ್ನಡಕ ಚೆನ್ನಾಗಿದೆ. ಮಾತು ಮಾತ್ರ ಹಳೆಯದೇ. 'ಗಾಂಜಾ ಕಾನೂನುಬದ್ಧವಾದ ಮೇಲೆ ಸಮಾಜದ ಮೇಲೆ ಗಮನಾರ್ಹವಾದ ದುಷ್ಪರಿಣಾಮಗಳೇನೂ ಕಂಡುಬಂದಿಲ್ಲ' ಎಂದು ನೀನು ನಿನ್ನ ವರದಿ ಹಿಡಿದು ಹೇಳುವ ಹೊತ್ತಿಗೆ ಸರಿಯಾಗಿ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಎರಡು ಗಮನಾರ್ಹವಾದ ದುಷ್ಪರಿಣಾಮಗಳು ಗೋಡೆಗೊರಗಿ ಕಿಸಿಕಿಸಿ ನಗುತ್ತಾ ಕೂತಿದ್ದವು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮಗುವನ್ನು ಹಿಡಿದು ಅವುಗಳ ನೀಳ ಕಾಲುಗಳನ್ನು ಆಗಷ್ಟೇ ದಾಟಿ ಬಂದಿದ್ದೆ. 'ಅಕ್ಕಾ, ಪಾಪು ಸೂಪರ್' ಎಂದಿತು ಒಂದು.

ಫೋನು ಮಾಡಬಹುದಿತ್ತು. ಆದರೆ ನಿನ್ನ ಜೊತೆ ಫೋನಿನಲ್ಲಿ ಮಾತಾಡಿದರೆ ನಾನು ಕಿರುಚುತ್ತೇನೆ, ನಾನು ಕಿರುಚಿದರೆ ಮಗು ಏಳುತ್ತದೆ, ಮಗು ಎದ್ದರೆ ನನ್ನ ಕಥೆ ಮುಗಿದ ಹಾಗೆ. ಹುಟ್ಟಿ ಐದು ತಿಂಗಳಾಯಿತು, ನಿದ್ದೆ ಎಂದರೆ ಏನೆಂದು ಇವಳಿಗಿನ್ನೂ ಯಾರೂ ಹೇಳಿಕೊಟ್ಟಿಲ್ಲ. ನನಗೂ ಮರೆತುಹೋಗಿದೆ. ಹಾಗಾಗಿ ಬರೆಯುತ್ತಿದ್ದೇನೆ. ಕಾಗದ ಕಿರುಚುವುದಿಲ್ಲ.

ಕೆಳಗಡೆ ಪೆನ್ನು ಪುಸ್ತಕದ ಅಂಗಡಿ ಇತ್ತಲ್ಲ, ಅದನ್ನು ಮುಚ್ಚಿದರು. ಅಲ್ಲಿ ಗಾಂಜಾ ಅಂಗಡಿ ಬರುತ್ತದಂತೆ. ಗಾಜಿನ ಬಾಗಿಲು ಆಗಲೇ ಬಂದಿದೆ. ಒಳಗೆ ಗಾಂಜಾ ಬೆರೆಸಿದ, ಕರಡಿಮರಿ ಆಕಾರದ ಬಣ್ಣಬಣ್ಣದ ಜೆಲ್ಲಿ ಇಡುತ್ತಾರೆ. ಪಕ್ಕದ ಗೋಡೆಗೆ ಅಂಟಿಕೊಂಡೇ ಶಿಶುವಿಹಾರ. ಹೋದ ತಿಂಗಳು ಕೆಳಮನೆಯ ಪ್ಲಂಬರನ ಮಗಳು ಅವಳ ಚಿಕ್ಕಪ್ಪ ತಂದಿಟ್ಟಿದ್ದ ಅಂಥದೇ ಜೆಲ್ಲಿ ತಿಂದು, ಹಿಂಡಿದ ಬಟ್ಟೆಯ ಹಾಗೆ ಮುದ್ದೆಯಾಗಿ ಬಿದ್ದಿದ್ದಳು. ಇಡೀ ದಿನ ಆಸ್ಪತ್ರೆಯಲ್ಲಿಟ್ಟರು. ನಿನ್ನ ವರದಿಯ ಯಾವ ಪುಟದಲ್ಲಿದ್ದಾಳೆ ಅವಳು?

ಮಾರ್ಚಿನಲ್ಲಿ ಅಂಗಡಿಯ ಪರವಾನಗಿಗೆ ಬಹಿರಂಗ ವಿಚಾರಣೆ ಇದೆ. ಆಯೋಗದ ಮುಂದೆ ನೀನು ತಜ್ಞನಾಗಿ ಬರುತ್ತೀಯೆಂದು ಕೇಳಿದೆ. ತಾಯಂದಿರ ಸಮಿತಿಯ ಪರವಾಗಿ ಮಾತಾಡುವವಳು ನಾನು. ಸಮಿತಿಯ ಮುಂದಾಳು ಬ್ಯಾಂಕ್ ಮೇಡಂ, 'ನೀವೇ ಸರಿ, ನಿಮ್ಮ ಕಣ್ಣು ನೋಡಿದ್ರೇ ಜನ ಅಳ್ತಾರೆ' ಎಂದರು. ನಿದ್ದೆಗೆಟ್ಟ ಕಣ್ಣಿಗೂ ಒಂದು ಉಪಯೋಗವಾಯಿತು.

ಒಂದು ಪುಣ್ಯವೆಂದರೆ ಅಮ್ಮ ಬಂದಿದ್ದಾಳೆ. ಮಗು ಅವಳ ತೋಳಲ್ಲಿ ಮಾತ್ರ ಮಲಗುತ್ತದೆ. ಮಾರ್ಚ್ ಕೊನೆಗೆ ನನ್ನ ರಜೆ ಮುಗಿದು ಲ್ಯಾಬಿಗೆ ಹೋಗಬೇಕು; ಅಮ್ಮ ಇಲ್ಲದಿದ್ದರೆ ಕೆಲಸ ಬಿಡುವುದೊಂದೇ ದಾರಿಯಾಗುತ್ತಿತ್ತು.

ನಿನ್ನ ತಂಗಿ

ಫೆಬ್ರವರಿ ೧೧

ಗುಬ್ಬೀ,

ಕಾಗದ ಕಿರುಚುವುದಿಲ್ಲ ಎಂದು ನಿನಗೆ ಹೇಳಿದವರು ಯಾರು? ಲಕೋಟೆ ಒಡೆಯುವ ಮೊದಲೇ ಕೇಳಿಸಿತು.

ಪ್ಲಂಬರನ ಮಗಳು ಚೇತರಿಸಿಕೊಂಡದ್ದು ಸಂತೋಷ. ಆದರೆ ಒಂದು ಮಗುವಿನ ಕಥೆ ಕಥೆಯೇ ಹೊರತು ಪುರಾವೆಯಲ್ಲ. ಫಿನಾಯಿಲ್ ಕುಡಿದು ಆಸ್ಪತ್ರೆ ಸೇರಿದ ಮಕ್ಕಳು ಇದ್ದಾರೆ. ಫಿನಾಯಿಲ್ ಅಂಗಡಿ ಮುಚ್ಚಿಸಲು ಹೊರಟ ತಾಯಂದಿರ ಸಮಿತಿಯನ್ನು ನಾನಿನ್ನೂ ನೋಡಿಲ್ಲ. ನಿನ್ನ ಮೆಟ್ಟಿಲ ಮೇಲಿನವರು ಕಾನೂನು ಬರುವ ಮೊದಲೂ ಅಲ್ಲೇ ಕೂರುತ್ತಿದ್ದರು. ಆಗ ಪೊಲೀಸರು ಬಂದರೆ ಓಡುತ್ತಿದ್ದರು, ಈಗ ಓಡುವುದಿಲ್ಲ. ಅವರು ಓಡುವುದನ್ನು ನೋಡುವ ಸುಖ ತಪ್ಪಿತೆಂದು ನಿಮ್ಮಂಥವರಿಗೆ ಹೊಟ್ಟೆಯುರಿ, ಅಷ್ಟೇ. ಇರಲಿ, ಶನಿವಾರ ಸಂಜೆ ನಿನ್ನ ಯಜಮಾನರು ಬಾಲ್ಕನಿಯಲ್ಲಿ ಬಾಟಲಿ ತೆರೆದು ದೇಶ ಉದ್ಧಾರ ಮಾಡುತ್ತಾರಲ್ಲ, ಅದು ಯಾವ ಶಿಶುವಿಹಾರದ ಪಾಠ? ಬ್ಯಾಂಕ್ ಮೇಡಂ ಅದಕ್ಕೂ ಒಂದು ಫಲಕ ಬರೆಸಿದ್ದಾರೆಯೇ?

ವಿಚಾರಣೆಗೆ ಬಾ, ಮಾತಾಡು. ಆದರೆ ಓದಿಕೊಂಡು ಬಾ. ಅಳುವುದು ವಾದವಲ್ಲ.

ಒಂದು ಮಾತು. ಅಮ್ಮನ ಎದುರು ಈ ಗಲಾಟೆ ಬೇಡ. ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುತ್ತಾಳೆ. ಅವಳ ಕೈ ಹೇಗಿದೆ? ಅವಳ ಪೆಟ್ಟಿಗೆ, ಔಷಧಿ, ಹೊಲಿಗೆಯ ಡಬ್ಬಿ ಎಲ್ಲ ಅವಳೇ ನೋಡಿಕೊಳ್ಳಲಿ. ಅಚ್ಚುಕಟ್ಟು ಮಾಡುತ್ತೇನೆಂದು ನೀನು ಕೈಹಾಕಲು ಹೋಗಬೇಡ.

ಅಣ್ಣ

ಫೆಬ್ರವರಿ ೧೯

ಅಣ್ಣಾ,

ಅಚ್ಚುಕಟ್ಟು ಮಾಡಲು ಹೋದೆ.

ನೀನು ಬೇಡವೆಂದದ್ದನ್ನು ನಾನು ಯಾವತ್ತು ಮಾಡದೆ ಬಿಟ್ಟಿದ್ದೇನೆ? ಹೊಲಿಗೆಯ ಡಬ್ಬಿಯಲ್ಲಿ, ದಾರದ ಉಂಡೆಗಳ ಕೆಳಗೆ, ಹನಿ ಹಾಕುವ ಮುಚ್ಚಳದ ಕಂದು ಸೀಸೆ. ಮುಚ್ಚಳ ತಿರುಗಿಸಿದೆ. ಮೆಟ್ಟಿಲ ವಾಸನೆ! ಮೂವತ್ತು ವರ್ಷ ಟೈಲರ್ ಆಗಿ, ಮಿಷನ್ ತುಳಿದು ನಮ್ಮಿಬ್ಬರನ್ನು ಸಾಕಿದ ನಮ್ಮಮ್ಮ, ಸಿನಿಮಾದಲ್ಲಿ ಯಾರಾದರೂ ಸಿಗರೇಟು ಸೇದಿದರೆ ಮುಖ ತಿರುಗಿಸುತ್ತಿದ್ದ ನಮ್ಮಮ್ಮ, ನನ್ನ ಮಗುವಿನ ತೊಟ್ಟಿಲಿನ ಪಕ್ಕದಲ್ಲಿ ಗಾಂಜಾ ಎಣ್ಣೆ ಇಟ್ಟುಕೊಂಡು ಮಲಗುತ್ತಾಳೆ. ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮ.

'ಏನಮ್ಮಾ ಇದು?'

'ನನ್ನದು.'

'ನಿನ್ನದು ಅಂತ ಗೊತ್ತಾಯ್ತು. ಮಗು ಎತ್ಕೊಳ್ಳೋ ಕೈಯಲ್ಲಿ ಇದನ್ನ ಮುಟ್ತೀಯಾ?'

'ಮಗು ಎತ್ಕೊಳ್ಳೋಕೇ ಮುಟ್ಟೋದು.'

ಕೇಳಿದೆಯಾ ಉತ್ತರ? ಏರಿಸಿಕೊಳ್ಳದೆ ಮೊಮ್ಮಗಳನ್ನು ಎತ್ತುವುದಕ್ಕೂ ಮನಸ್ಸು ಬರುವುದಿಲ್ಲವಂತೆ. ಎಲ್ಲಿಂದ ಬಂತೆಂದರೆ 'ಅಂಗಡಿಯಿಂದ' ಎಂದಳು.

ಈಗ ಹಿಂದಿನದೆಲ್ಲ ಅರ್ಥವಾಗುತ್ತಿದೆ. ದಿನಾ ಬೆಳಿಗ್ಗೆ ಎದ್ದವಳೇ ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಾಳೆ. ಹೊಲಿಯುವುದು ಏನೂ ಇಲ್ಲ. ಪೋಣಿಸುತ್ತಾಳೆ, ನೋಡುತ್ತಾಳೆ, ದಾರ ಎಳೆದು ತೆಗೆದು ಸೂಜಿಯನ್ನು ಡಬ್ಬಿಗೆ ಚುಚ್ಚಿಡುತ್ತಾಳೆ. ವಯಸ್ಸಾಯಿತು, ಹಳೆಯ ಅಭ್ಯಾಸ ಎಂದುಕೊಂಡಿದ್ದೆ. ತಲೆ ನೆಟ್ಟಗಿರುವವರು ಮಾಡುವ ಕೆಲಸವೇ ಅದು? ಎಲ್ಲ ಆ ಸೀಸೆಯ ಮಹಿಮೆ.

ಮಗುವಿನ ಜೊತೆ ಅವಳೊಬ್ಬಳನ್ನೇ ಬಿಡುವುದಿಲ್ಲವೆಂದು ಹೇಳಿದ್ದೇನೆ. ನಿನ್ನ ಮನೆಗೆ ಕರೆದುಕೊಂಡು ಹೋಗು. ಯಾವ ದುಷ್ಪರಿಣಾಮವೂ ಇಲ್ಲವಲ್ಲ, ಇಟ್ಟುಕೊ.

ತಂಗಿ

ಫೆಬ್ರವರಿ ೨೭

ಗುಬ್ಬೀ,

ಈಗ ಆಗುವುದಿಲ್ಲ. ನಿನ್ನ ಅತ್ತಿಗೆಗೆ ಮೈ ಸರಿಯಿಲ್ಲ. ಮಗಳಿಗೆ ಪರೀಕ್ಷೆ, ಆ ವಯಸ್ಸಿನ ಹುಡುಗಿಯ ಕಣ್ಣೆದುರು ಅಂಥ ಸೀಸೆ ಓಡಾಡುವುದು ಸರಿಯಲ್ಲ. ವರದಿ ಆಯೋಗದ ಮುಂದಿರುವುದರಿಂದ ಪತ್ರಕರ್ತರು ಮನೆಗೆ ಬಂದು ಹೋಗುತ್ತಿರುತ್ತಾರೆ. ವಿಚಾರಣೆ ಮುಗಿಯಲಿ, ನೋಡೋಣ.

ಪೂರ್ತಿ ಸುರಿದುಬಿಟ್ಟೆಯಾ? ಸ್ವಲ್ಪವೂ ಉಳಿದಿಲ್ಲವೇ?

ಅಣ್ಣ

ಮಾರ್ಚ್ ೩

ಅಣ್ಣಾ,

ಓಹೋ! 'ಆ ವಯಸ್ಸಿನ ಹುಡುಗಿಯ ಕಣ್ಣೆದುರು.' ಈ ವಾಕ್ಯವನ್ನು ಕತ್ತರಿಸಿ ಚೌಕಟ್ಟು ಹಾಕಿಸೋಣ ಎಂದುಕೊಂಡಿದ್ದೇನೆ. ಊರ ಮಕ್ಕಳ ಕಣ್ಣು ಕಲ್ಲು, ನಿನ್ನ ಮಗಳ ಕಣ್ಣು ಮಾತ್ರ ಕಣ್ಣು. ಬೇರೆಯವರ ಮನೆಯ ಕೆಳಗೆ ಅಂಗಡಿ ತೆರೆಸುವಾಗ ಅಂಕಿಅಂಶ, ನಿನ್ನ ಮನೆಯ ಬಾಗಿಲಿಗೆ ಬಂದಾಗ ಅತ್ತಿಗೆಗೆ ಮೈ ಸರಿಯಿಲ್ಲ. ಟೀವಿಯಲ್ಲಿ ನಿನ್ನ ಪಕ್ಕ ಕೂತು ಗಂಟಲು ಹರಿದುಕೊಳ್ಳುತ್ತಿದ್ದ ಆ ಸಮಾಜ ಸುಧಾರಕನೇ ವಾಸಿ. ಅವನು ಮೂರ್ಖ ನಿಜ, ಆದರೆ ಪೂರ್ತಿ ಮೂರ್ಖ. ನೀನು ಬೇಕಾದಲ್ಲಿ ಮಾತ್ರ ಬುದ್ಧಿವಂತ.

ಇಲ್ಲಿ ಅಮ್ಮನ ಹೊಸ ಆಟ ಶುರುವಾಗಿದೆ. ಮಗುವನ್ನು ಎತ್ತುವುದೇ ಇಲ್ಲ. ನಾನು ಎದುರಿಗೇ ಇದ್ದರೂ ಎತ್ತುವುದಿಲ್ಲ. ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಮಹಾರಾಣಿಯ ಹಾಗೆ ಕೂರುತ್ತಾಳೆ. ಮಗು ಅವಳ ಕಡೆ ಕೈಚಾಚಿ ಕೂಗಿಕೊಂಡರೂ 'ನೀನೇ ಎತ್ಕೋ' ಎನ್ನುತ್ತಾಳೆ. ನಾನು ಮಾತಿನಲ್ಲಿ ಹೊಡೆದದ್ದಕ್ಕೆ ಮಗುವಿನ ಮೇಲೆ ಸೇಡು. ನಿನ್ನೆ ನಾನೇ ಮಗುವನ್ನು ಅವಳ ಮಡಿಲಿಗೆ ಹಾಕಲು ಹೋದರೆ ಬೆಂಕಿ ಕಂಡವಳ ಹಾಗೆ ಎದ್ದು ನಿಂತಳು.

'ಬೇಡ ಅಂದ್ನಲ್ಲ! ಕಿವಿ ಕೇಳ್ಸಲ್ವಾ ನಿಂಗೆ?'

'ಸೀಸೆ ಇಲ್ದೆ ಪ್ರೀತಿನೂ ಬರಲ್ವೇನಮ್ಮಾ?' ಎಂದೆ.

ನನ್ನನ್ನು ಒಂದು ಸಲ ನೋಡಿದಳು. ಅಳತೆ ತಪ್ಪಿ ಹೊಲಿದ ಬಟ್ಟೆಯನ್ನು ನೋಡುತ್ತಿದ್ದಳಲ್ಲ, ಹಾಗೆ.

ಸೂಜಿಯ ಪೂಜೆ ಮಾತ್ರ ನಿಂತಿಲ್ಲ. ಈಗ ದಾರ ಹೋಗುವುದೂ ಇಲ್ಲ. ತುದಿ ನೆಕ್ಕಿ, ತಿರುಚಿ, ಮತ್ತೆ ಮತ್ತೆ ಚುಚ್ಚಿ, ಕೊನೆಗೆ ಡಬ್ಬಿ ಮುಚ್ಚುತ್ತಾಳೆ. ಕೈ ನಡುಗುತ್ತದೆ. ಚಟ ಬಿಡಿಸಿದರೆ ಹೀಗೇ ಆಗುತ್ತದೆಂದು ಬ್ಯಾಂಕ್ ಮೇಡಂ ಹೇಳಿದರು. ಹೌದು, ಅವರಿಗೆ ಹೇಳಿದೆ. ಯಾರೋ ನೆಂಟರ ವಿಷಯ ಎಂದು. ಇದನ್ನೇ ವಿಚಾರಣೆಯಲ್ಲಿ ಹೇಳಿ ಎನ್ನುತ್ತಿದ್ದಾರೆ. ತಜ್ಞರ ಮುಂದೆಯೇ ಹೇಳಿ ಎನ್ನುತ್ತಿದ್ದಾರೆ. ತಜ್ಞರು ಯಾರೆಂದು ಅವರಿಗೆ ಗೊತ್ತಿಲ್ಲ.

ತಂಗಿ

ಮಾರ್ಚ್ ೮

ಗುಬ್ಬೀ,

ಸೀಸೆ ಕಳಿಸಿದವನು ನಾನು.

ನಿಧಾನವಾಗಿ ಓದು. ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಹಗಲೆಲ್ಲ ಸೀಸೆಗಳ ಮೇಲಿನ ಚೀಟಿ ಓದುವುದೇ ನಿನ್ನ ಕೆಲಸ. ಮನೆಯ ಒಂದು ಸೀಸೆಯ ಚೀಟಿ ಓದುವಷ್ಟು ವ್ಯವಧಾನ ನಿನಗಿರಲಿಲ್ಲ. ಅದರ ಮೇಲೆ ಕೀಲುನೋವಿನ ಡಾಕ್ಟರ ಹೆಸರಿತ್ತು, ಅಮ್ಮನ ಹೆಸರಿತ್ತು, ಎಷ್ಟು ಹನಿ ಎಂದೂ ಇತ್ತು. ವರ್ಷದ ಹಿಂದೆಯೇ ಅಮ್ಮನ ಬೆರಳುಗಳು ಮಡಚಲಾಗದ ಹಾಗಾಗಿದ್ದವು. ನೋವಿನ ಮಾತ್ರೆಗಳು ಹೊಟ್ಟೆಗೆ ಆಗಲಿಲ್ಲ. ಈ ಎಣ್ಣೆ ಎಲ್ಲರಿಗೂ ಹಿಡಿಸುವುದಿಲ್ಲ ಎಂದೇ ಡಾಕ್ಟರು ಹೇಳಿದ್ದರು, ಅಮ್ಮನಿಗೆ ಹಿಡಿಸಿತು. ನೀನು ಬಸುರಿಯಾದಾಗ ಅವಳು ಕೇಳಿದ್ದು ಒಂದೇ ಮಾತು: 'ಮಗು ಬರೋ ಹೊತ್ತಿಗೆ ನನ್ನ ಕೈ ಬರತ್ತೇನೋ ದೊರೆ?'

ಇನ್ನು ನಿನ್ನ 'ಸೂಜಿಯ ಪೂಜೆ'. ಅಮ್ಮ ಕೋಟು ಹೊಲಿಯುತ್ತಿದ್ದ ಕಾಲದಲ್ಲಿ ನೀನು ಮಿಷನ್ನಿನ ಕೆಳಗೆ ಚೂರುಬಟ್ಟೆಯ ಮೇಲೆ ಮಲಗಿರುತ್ತಿದ್ದೆ, ನಿನಗೆ ತಿಳಿಯದು. ಗಿರಾಕಿಯ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದಳು. ದಾರ ಹೋದರೆ ಕೈ ತನ್ನ ಮಾತು ಕೇಳುತ್ತಿದೆ ಎಂದರ್ಥ. ಹೋಗದಿದ್ದರೆ ಆ ದಿನ ಕತ್ತರಿ ಮುಟ್ಟುತ್ತಿರಲಿಲ್ಲ, ಗಿರಾಕಿ ಬಾಗಿಲಲ್ಲಿ ನಿಂತು ಬೈದರೂ. ಈಗ ಆ ಬಟ್ಟೆಯ ಜಾಗದಲ್ಲಿ ನಿನ್ನ ಮಗಳಿದ್ದಾಳೆ. ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದಳು, 'ದಾರ ಹೋಗ್ತಿಲ್ಲ ಕಣೋ. ಎತ್ಕೊಂಡು ಬೀಳಿಸಿಬಿಟ್ರೆ?' ನಿನಗೆ ಹೇಳು ಎಂದೆ. 'ಅವಳಿಗೆ ಹೇಳೋದೇನು, ಅವಳಿಗೆ ಎಲ್ಲ ಗೊತ್ತಲ್ಲ' ಎಂದಳು.

ಯಾಕೆ ಮೊದಲೇ ಬರೆಯಲಿಲ್ಲ ಎಂದು ಕೂಗಾಡುತ್ತೀಯ. ಆಯೋಗದ ನಿಯಮವಿದೆ: ವರದಿ ಬರೆದವರ ಹತ್ತಿರದ ಬಂಧುಗಳಲ್ಲಿ ಬಳಸುವವರಿದ್ದರೆ ಮೊದಲೇ ತಿಳಿಸಬೇಕು. ನಾನು ತಿಳಿಸಿಲ್ಲ. ಆರು ವರ್ಷದ ಕೆಲಸ ಅದು. 'ಅಮ್ಮನಿಗೋಸ್ಕರ ಬರೆದ' ಎಂದು ಒಬ್ಬ ಪತ್ರಕರ್ತ ಬರೆದರೆ ಸಾಕು, ಮಣ್ಣುಪಾಲು. ವಿಚಾರಣೆಯಲ್ಲಿ ಅಮ್ಮನ ವಿಷಯ ಎತ್ತಬೇಡ. ಬೇರೆ ಸೀಸೆಯನ್ನೂ ಈಗ ಕಳಿಸಲಾರೆ, ನನ್ನ ಹೆಸರಿಗೆ ರಸೀತಿ ಆಗುತ್ತದೆ. ಸ್ವಲ್ಪ ದಿನ ತಡೆದುಕೊಳ್ಳಲಿ.

ಅಣ್ಣ

ಮಾರ್ಚ್ ೨೧

ಗುಬ್ಬೀ,

ನನ್ನ ಕಾಗದಕ್ಕೆ ನೀನು ಉತ್ತರಿಸಲಿಲ್ಲ. ವಿಚಾರಣೆಯ ಸಭಾಂಗಣದಲ್ಲಿ ನಿನ್ನನ್ನು ಕಂಡಾಗ ನನ್ನ ಕಥೆ ಮುಗಿಯಿತು ಎಂದೇ ಎಣಿಸಿದ್ದೆ. ನೀನು ಬರೀ 'ನಮ್ಮಮ್ಮ' ಎಂದೆ, ನನ್ನ ಹೆಸರು ಎತ್ತಲಿಲ್ಲ. ಅಷ್ಟು ಲೋಕಜ್ಞಾನ ನಿನ್ನಲ್ಲಿದೆ ಎಂದುಕೊಂಡಿರಲಿಲ್ಲ. ಉಪಕಾರವಾಯಿತು. ಭಾಷಣ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟವರ ಹಾಗಿತ್ತು. ಔಷಧಿಯೂ ಬೇಕು, ಅಂಗಡಿಯೂ ಬೇಡ. ಆಯೋಗ ತೀರ್ಮಾನವನ್ನು ಮುಂದೂಡಿದೆ. ಅವರಿಗೆ ಗೊತ್ತಿರುವುದು ಅದೊಂದೇ.

ನನ್ನನ್ನು ಪ್ರಶ್ನೆ ಕೇಳುವಾಗ ಮೂರನೇ ಸಾಲಿನಲ್ಲಿ ಅಮ್ಮ ನಿನ್ನ ಕಿವಿಯಲ್ಲಿ ಏನೋ ಹೇಳಿದಳು. ನೀನು ನಕ್ಕೆ. ಏನೆಂದಳು? ಮಾತಾಡಿಸೋಣವೆಂದರೆ ಕಾರು ಕಾಯುತ್ತಿತ್ತು.

ಅಣ್ಣ

ಏಪ್ರಿಲ್ ೫

ಅಣ್ಣಾ,

ಅಮ್ಮ ಏನೆಂದಳು ಎಂದು ತಾನೇ ಕೇಳಿದ್ದು? ಕೇಳು. ಅಧ್ಯಕ್ಷೆ ನಿನ್ನನ್ನು 'ನಿಮ್ಮ ಮನೆಯಲ್ಲಿ ಬಳಸುವವರು ಯಾರಾದರೂ ಇದ್ದಾರೆಯೇ?' ಎಂದು ಕೇಳಿದರು. ನೀನು ಕನ್ನಡಕ ತೆಗೆದು ಒರೆಸಿಕೊಂಡು 'ನಮ್ಮ ಮನೆಯಲ್ಲಿ ಯಾರೂ ಇಲ್ಲ' ಎಂದೆ. ಆಗ ಅಮ್ಮ, 'ದೊರೆ ಸುಳ್ಳು ಹೇಳಿಲ್ಲ ಬಿಡೇ. ನನ್ನನ್ನ ಮನೆಗೆ ಸೇರಿಸ್ಕೊಂಡಿದ್ರೆ ತಾನೇ' ಎಂದಳು.

ನಿನ್ನ ಹೆಸರು ಎತ್ತದಿದ್ದದ್ದು ನನ್ನ ಲೋಕಜ್ಞಾನವಲ್ಲ, ಉಪಕಾರ ಅಂತೂ ಅಲ್ಲವೇ ಅಲ್ಲ. ಎತ್ತಲೆಂದೇ ಬರೆದುಕೊಂಡು ಬಂದಿದ್ದೆ. ನನ್ನ ಸರದಿ ಬಂದಾಗ ಅಮ್ಮ ಆ ಮಡಚದ ಬೆರಳುಗಳನ್ನು ನನ್ನ ತೋಳಿನ ಮೇಲಿಟ್ಟು, 'ಅವನನ್ನ ಬಿಡು. ಬೇಕಾದ್ರೆ ನನ್ನ ವಿಷಯ ಹೇಳು' ಎಂದಳು. ಹಾಗಾಗಿ ಹೇಳಿದೆ: ನಮ್ಮ ಮನೆಯಲ್ಲಿ ಇದ್ದಾರೆ, ನಮ್ಮಮ್ಮ, ಅವರ ಔಷಧಿಯನ್ನು ಸಿಂಕಿಗೆ ಸುರಿದವಳು ನಾನು, ಆದರೂ ಶಿಶುವಿಹಾರದ ಗೋಡೆಗೆ ಅಂಟಿಸಿ ಕರಡಿಮರಿ ಮಾರುವ ಅಂಗಡಿ ಬೇಡ. ನಿನಗೆ ಇದು ಎರಡು ದೋಣಿ. ಒಂದೇ ಮನೆಯಲ್ಲಿ ಮಗುವೂ ಮುದುಕಿಯೂ ಇರುತ್ತಾರೆ ಎಂಬುದು ನಿನ್ನ ಆರು ವರ್ಷದ ಕೆಲಸದಲ್ಲಿ ಗಮನಕ್ಕೆ ಬರಲಿಲ್ಲವೇನೋ.

ನಾನು ಮಾತಾಡುವಾಗ ಮಗು ಬ್ಯಾಂಕ್ ಮೇಡಂ ತೊಡೆಯ ಮೇಲಿತ್ತು. 'ನಮ್ಮಮ್ಮ' ಎಂದದ್ದೇ ತಡ, ಒದ್ದೆಯಾದ ಚೀಲ ಹಿಡಿದವರ ಹಾಗೆ ಮಗುವನ್ನು ಮೈಯಿಂದ ದೂರ ಹಿಡಿದರು. ಮನೆ ತಲುಪುವ ಮೊದಲೇ ಸಮಿತಿಯ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು. ಇಷ್ಟು ದಿನ ಇವರ ಜೊತೆ ಕೂತು ಟೀ ಕುಡಿದೆನಲ್ಲ!

ಮರುದಿನ ಊರ ಆ ತುದಿಯಲ್ಲಿರುವ ಗಾಂಜಾ ಅಂಗಡಿಗೆ ಹೋದೆ. ಡಾಕ್ಟರ ಚೀಟಿ ಅಮ್ಮನ ಬಳಿಯೇ ಇತ್ತು. ನನ್ನ ಹೆಸರಿಗೇ ರಸೀತಿ ಮಾಡಿಸಿದೆ, ನೀನು ನಿಶ್ಚಿಂತೆಯಿಂದಿರು. ಅಲ್ಲಿಯ ಹುಡುಗ ಮದುವೆಮನೆಯ ಬಾಗಿಲಲ್ಲಿ ನಿಂತವನ ಹಾಗೆ ಹಲ್ಲು ಕಿರಿದು, 'ಫಸ್ಟ್ ಟೈಮಾ ಮೇಡಂ? ಒಂದು ಜೆಲ್ಲಿ ಟ್ರೈ ಮಾಡಿ, ಫ್ರೀ' ಎಂದ. ನನ್ನ ಎದೆಗೆ ಕಟ್ಟಿಕೊಂಡಿದ್ದ ಮಗು ಆ ಕರಡಿಮರಿಯತ್ತ ಕೈಚಾಚಿತು. ಅವನು ನಕ್ಕ. ಅವನ ನಗುವನ್ನು ಕಂಡು ನನಗಾದ ಅಸಹ್ಯವನ್ನು ನಿನ್ನ ಯಾವ ಪುಟವೂ ಕಡಿಮೆ ಮಾಡಲಾರದು. ಆದರೂ ಸೀಸೆ ಕೊಂಡೆ. ಚೀಟಿಯನ್ನು ಅಕ್ಷರ ಬಿಡದೆ ಓದಿದೆ.

ಮನೆಗೆ ತಂದು ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ನನ್ನ ಬ್ಯಾಗಿಗೆ ಸೇರಿಸಿದೆ. ಅಮ್ಮ ಎಲ್ಲವನ್ನೂ ಕೂತಲ್ಲಿಂದಲೇ ನೋಡಿದಳು.

'ಬೀಗ ಹಾಕಿದ್ದು ಸರಿ. ಮಗು ಇರೋ ಮನೆ. ಕೀಲಿ ಯಾಕೆ ನಿನ್ನ ಬ್ಯಾಗಲ್ಲಿ?'

'ಬೇಕಾದಾಗ ಕೇಳಮ್ಮ, ತೆಗೆದುಕೊಡ್ತೀನಿ.'

'ಕೊಟ್ಟ ಕೂಲಿ ಕಡಿಮೆ ಆಯ್ತು ಅಂತ ಗಿರಾಕಿಗಳನ್ನೇ ಕೇಳಿದವಳಲ್ಲ ನಾನು. ನಿನ್ನನ್ನ ಕೇಳ್ತೀನಾ?'

ಕೇಳಲಿಲ್ಲ. ಒಂದು ದಿನವೂ ಕೇಳಲಿಲ್ಲ. ಕೇಳಲಿ ಎಂದು ನಾನೂ ಕಾದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ನೀನು ನಿಯಮ ಹಿಡಿದು ಕೂತೆ, ನಾನು ಕೀಲಿ ಹಿಡಿದು ಕೂತೆ.

ಮೊನ್ನೆ ಸೋಮವಾರ ರಜೆ ಮುಗಿಯಿತು. ನಮ್ಮನೆಯವರು ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೇನೆ, ತೊಟ್ಟಿಲಲ್ಲಿ ಮಗು ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಿದೆ, ಅಮ್ಮ ಶಾಲಿನೊಳಗೆ ಕೈಯಿಟ್ಟುಕೊಂಡು ಕೂತಿದ್ದಾಳೆ. ವಾಪಸ್ ಹೋಗಿ ಬ್ಯಾಗಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟೆ. 'ನೀನೇ ಇಟ್ಕೋ' ಎಂದೆ. ಅವಳು ಬೆರಳು ಮಡಚಲು ನೋಡಿದಳು. ಆಗಲಿಲ್ಲ. ಕೀಲಿ ಜಾರಿ ಟಣ್ ಎಂದು ನೆಲಕ್ಕೆ ಬಿತ್ತು.

ಇಬ್ಬರೂ ಅದನ್ನೇ ನೋಡಿದೆವು.

ಚಪ್ಪಲಿ ಬಿಟ್ಟು, ಕೀಲಿ ಎತ್ತಿ, ಸ್ಟೂಲು ಹತ್ತಿ ಬೀಗ ತೆಗೆದೆ. ಹನಿಗಳನ್ನು ನಾನೇ ಅವಳ ನಾಲಿಗೆಯ ಅಡಿಗೆ ಬಿಟ್ಟೆ. ಸೀಸೆಯನ್ನು ಒಳಗಿಟ್ಟು ಕೀಲಿಯನ್ನು ಬೀಗದಲ್ಲೇ ಬಿಟ್ಟೆ. ಅಷ್ಟೆತ್ತರಕ್ಕೆ ಮಗು ಏರಲು ಇನ್ನೂ ವರ್ಷಗಳು ಬೇಕು. ಅಷ್ಟರಲ್ಲಿ ಬೇರೆ ದಾರಿ ನೋಡಿಕೊಂಡರಾಯಿತು. ಮಗುವನ್ನು ಎತ್ತಿಕೊಳ್ಳಲು ಬಾಗಿದರೆ ಅಮ್ಮ ಗದರಿದಳು.

'ಈಗ ನೀನು ಎತ್ಕೊಂಡ್ರೆ ಕೆಳಗಿಳಿಯಲ್ಲ ಅದು. ಹೋಗು. ನನ್ನ ಕೈ ಬರೋವರೆಗೂ ಅಳಲಿ. ಅತ್ರೆ ಗಂಟಲು ದೊಡ್ಡದಾಗತ್ತೆ, ನಿನ್ನ ಹಾಗೆ.'

'ಅಮ್ಮಾ, ಸೂಜಿಗೆ ದಾರ...'

'ಹೋಗೇ ಅಂದ್ರೆ!'

ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಮಗು ಅತ್ತಿತು, ಬಿಕ್ಕಿತು, ಮತ್ತೆ ಅತ್ತಿತು. ಬೀಳಿಸಿದರೆ? ಎಣ್ಣೆ ತಲೆಗೇರಿ ಅಮ್ಮ ಕೂತಲ್ಲೇ ನಿದ್ದೆ ಹೋದರೆ? ಪ್ಲಂಬರನ ಮಗಳ ಜೋತುಬಿದ್ದ ಕೈ ಕಣ್ಣೆದುರು ಬಂತು. ಬಾಗಿಲಿನ ಹಿಡಿಕೆಯ ಮೇಲೆ ನನ್ನ ಕೈ ಇತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಒಮ್ಮೆಲೇ ಅಳು ನಿಂತಿತು. ಹಿಡಿಕೆ ತಿರುಗಿಸಬೇಕೆನ್ನುವಷ್ಟರಲ್ಲಿ ಬಾಗಿಲಿನ ಆಚೆ, ತೀರ ಹತ್ತಿರದಲ್ಲಿ, ಅಮ್ಮನ ದನಿ ಕೇಳಿಸಿತು. ಮಗುವಿಗೆ ಹೇಳುತ್ತಿದ್ದಳು:

'ನೋಡ್ದಾ, ನಿಮ್ಮಮ್ಮ ಕಳ್ಳಿ ಹಾಗೆ ಬಾಗಿಲ ಹಿಂದೇನೇ ನಿಂತಿದ್ದಾಳೆ. ಓದಿದೋಳು ಬೇರೆ. ಬಸ್ಸು ಹೋಗತ್ತೆ ಕಣೇ ಪೆದ್ದಿ, ಹೋಗು ಅನ್ನು.'

ಮಗು ಏನೋ ಗೊಣಗಿತು. ಆ ಗೊಣಗು ಅಮ್ಮನ ಭುಜದ ಎತ್ತರದಿಂದ ಬಂತು.

ಹೋದೆ. ಬಸ್ಸು ತಪ್ಪಿತ್ತು.

ತಂಗಿ